ಅರಿವೆ ಹಸಿಯಿರುವ ಹೊತ್ತು

ಇವತ್ತು ನಾನು ಒಗ್ಯಾಣದ ಬಗ್ಗೆ ಮಾತಾಡುತ್ತೇನೆ. ಅಡುಗೆಯ ಬಗ್ಗೆ ಎಷ್ಟೋ ಜನ ಮಾತಾಡಿದ್ದಾರೆ, ಬರೆದಿದ್ದಾರೆ. ಅಡುಗೆಯಷ್ಟೇ ರಟ್ಟೆಯ ಬಲ ಕೇಳುವ ಒಗೆತದ ಬಗ್ಗೆ ಮಾತಾಡುವವರು ಕಡಿಮೆ. ಅದರಲ್ಲೂ ಸುರೇಬಾನದಂಥ ಊರಿನ ಜನಕ್ಕೆ ಈ ವಿಷಯ ಹತ್ತಿರದ್ದು. ರಾಮದುರ್ಗ ತಾಲೂಕಿನ ಈ ಊರು ನೇಕಾರರದು. ಓಣಿ ಹಿಡಿದು ನಡೆದರೆ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ನೂಲು ಸುತ್ತಿ, ಹಾಸು ಹೂಡಿ, ಲಾಳಿ ಓಡಿಸಿ ಅರಿವೆ ಮಾಡುವವರಿಗೆ ಅದು ಬಾಳಿಕೆ ಬರಬೇಕು, ಉಟ್ಟವರ ಮೈಮೇಲೆ ಹಸನಾಗಿರಬೇಕು ಎಂಬ ಆಸೆ ಇದ್ದೇ ಇರುತ್ತದೆ. ಒಗೆಯುವ ರೀತಿ ತಪ್ಪಿದರೆ ಎಂಥ ಒಳ್ಳೆಯ ಸೀರೆಯೂ ಒಂದೆರಡು ವರ್ಷಕ್ಕೇ ಮುಗ್ಗಲು ನಾತ ಹಿಡಿದು ಮೂಲೆ ಸೇರುತ್ತದೆ.

ಅಂಗಡಿಗೆ ಹೋದರೆ ಬಟ್ಟೆಗೆ ಪರಿಮಳ ಕೊಡುವ ಸಾಮಾನು ಈಗ ಎಷ್ಟು ಬೇಕಾದರೂ ಸಿಗುತ್ತದೆ. ಮಲ್ಲಿಗೆ, ಗುಲಾಬಿ, ನಿಂಬೆ ಎಂದು ಚಿತ್ರ ಬಿಡಿಸಿದ ಪುಡಿ, ಕೊನೆಯ ನೀರಿಗೆ ಹಾಕುವ ದ್ರವ, ಕಪಾಟಿನಲ್ಲಿ ತೂಗುಹಾಕುವ ಪಾಕೀಟು. ಅವುಗಳ ಮೇಲೆ ನನಗೆ ಕೋಪವಿಲ್ಲ. ಆದರೆ ನಾತದ ಮೇಲೆ ಪರಿಮಳ ಹೊದಿಸಿದರೆ ನಾತ ಹೋಗುವುದಿಲ್ಲ. ಮಧ್ಯಾಹ್ನ ಮೈ ಬೆವರುವ ಹೊತ್ತಿಗೆ ಮಲ್ಲಿಗೆ ಹಾರಿಹೋಗಿ ಹಳೆಯ ಕಮಟು ಮತ್ತೆ ಮೇಲೆ ಬರುತ್ತದೆ. ಹಾಗಾದರೆ ಆ ಕಮಟು ಹುಟ್ಟುವುದು ಯಾವಾಗ, ಎಲ್ಲಿ? ಬಹುಪಾಲು ಅದು ಹುಟ್ಟುವುದು ಅರಿವೆ ಹಸಿಯಿರುವ ಹೊತ್ತಿನಲ್ಲಿ. ಬಕೆಟ್ಟಿನ ನೀರಿಗೆ ಬಿದ್ದ ಗಳಿಗೆಯಿಂದ ಹಗ್ಗದ ಮೇಲೆ ಪೂರಾ ಒಣಗಿದ ಗಳಿಗೆಯವರೆಗೆ ಎಷ್ಟು ತಾಸು ಹಿಡಿಯಿತು ಎಂಬುದನ್ನು ಲೆಕ್ಕ ಇಟ್ಟವರಿಗೆ ಪರಿಮಳದ ಬಾಟಲಿ ಬೇಕಾಗುವುದಿಲ್ಲ. ನನ್ನ ಇವತ್ತಿನ ಮಾತೆಲ್ಲ ಈ ತಾಸುಗಳ ಸುತ್ತಲೇ ಇದೆ.

ಬೆವರಿಗೆ ಸ್ವಂತದ ವಾಸನೆ ಹೆಚ್ಚೇನೂ ಇಲ್ಲ. ಅದೇ ತಾನೇ ಬಂದ ಬೆವರು ಬರೀ ಉಪ್ಪುನೀರು. ಕಂಕುಳಿನಂಥ ಕಡೆ ಬರುವ ಬೆವರಿನಲ್ಲಿ ಸ್ವಲ್ಪ ಕೊಬ್ಬು, ಪ್ರೋಟೀನು ಕೂಡಿರುತ್ತವೆ. ನಮ್ಮ ಚರ್ಮದ ಮೇಲೆ ಯಾವಾಗಲೂ ಇರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುರಿದಾಗ ಹುಟ್ಟುವ ಆಮ್ಲಗಳೇ ಮೂಗಿಗೆ ಹತ್ತುವುದು. ಅರಿವೆಯಲ್ಲಿಯೂ ನಡೆಯುವುದು ಇದೇ. ಮೈಯ ಜಿಡ್ಡು, ಸತ್ತ ಚರ್ಮದ ಹೊಟ್ಟು ನೂಲಿನ ಎಳೆಗಳ ನಡುವೆ ಕೂತಿರುತ್ತವೆ. ಅದಕ್ಕೆ ನೀರು ತಗುಲಿ, ಬೆಚ್ಚಗಿನ ಹವೆ ಸಿಕ್ಕರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಮಳೆಗಾಲದಲ್ಲಿ ಮನೆಯೊಳಗೆ ಒಣಹಾಕಿದ ಬಟ್ಟೆಗೆ ಬರುವ ಹಸಿ ನಾತದ ಬೆನ್ನು ಹತ್ತಿದವರು ಜಪಾನಿನ ಸಂಶೋಧಕರು. ಅಲ್ಲಿಯೂ ಮಳೆಗಾಲದಲ್ಲಿ ಜನ ಬಟ್ಟೆಯನ್ನು ಕೋಣೆಯೊಳಗೆ ಒಣಗಿಸುತ್ತಾರೆ. 2012ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯಲ್ಲಿ ಈ ನಾತಕ್ಕೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಇದರ ಗುಣ ಕೇಳಿದರೆ ನಮ್ಮ ಎಷ್ಟೋ ಅನುಭವಗಳಿಗೆ ಅರ್ಥ ಸಿಗುತ್ತದೆ. ಬಟ್ಟೆ ಒಣಗಿದರೂ ಅದು ಪೂರಾ ಸಾಯುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳನ್ನೂ ಒಂದಿಷ್ಟು ತಾಳಿಕೊಳ್ಳುತ್ತದೆ. ಮತ್ತೆ ನೀರು ಸಿಕ್ಕ ಕೂಡಲೇ ಕೆಲಸ ಶುರುಮಾಡುತ್ತದೆ. ಒಣಗಿದ್ದಾಗ ಏನೂ ವಾಸನೆಯಿಲ್ಲದ ಟವೆಲ್ಲು, ಜಳಕ ಮಾಡಿ ಮೈ ಒರೆಸಿದ ಕೂಡಲೇ ನಾರುವುದು ಇದಕ್ಕೇ.

ಪರೀಕ್ಷೆ ಬಹಳ ಸುಲಭ. ಮಡಿಚಿಟ್ಟ ಟವೆಲ್ಲಿನ ಒಂದು ಮೂಲೆಗೆ ನಾಲ್ಕು ಹನಿ ನೀರು ಹಾಕಿ, ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ ಮೂಸಿ ನೋಡಿರಿ. ಕಮಟು ಹೊಡೆದರೆ ಅದು ಒಗೆದ ಬಟ್ಟೆ ಹೌದು, ಹಸನಾದ ಬಟ್ಟೆ ಅಲ್ಲ. ಈ ಪರೀಕ್ಷೆಯನ್ನು ಮನೆಗೆ ಬಂದ ಬೀಗರ ಕೈಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ನಮ್ಮ ಮನೆಯ ವಾಸನೆಗೆ ನಮ್ಮ ಮೂಗು ಹೊಂದಿಕೊಂಡುಬಿಟ್ಟಿರುತ್ತದೆ, ಅದು ನಮಗೆ ನಿಜ ಹೇಳುವುದಿಲ್ಲ.

ಇನ್ನು ಹಸಿಯ ತಾಸುಗಳನ್ನು ಕಡಿಮೆ ಮಾಡುವುದು ಹೇಗೆ? ಮೊದಲು ನೆನೆಹಾಕುವುದನ್ನೇ ತೆಗೆದುಕೊಳ್ಳಿ. ರಾತ್ರಿ ಪುಡಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಒಗೆಯುವುದು ಅನೇಕ ಮನೆಗಳ ರೂಢಿ. ಪುಡಿ ತನ್ನ ಕೆಲಸವನ್ನು ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸಿನಲ್ಲಿ ಮುಗಿಸುತ್ತದೆ. ಆಮೇಲೆ ಬಿಟ್ಟ ಕೊಳೆ ನೀರಿನಲ್ಲೇ ಉಳಿದು ಮತ್ತೆ ನೂಲಿಗೆ ಹತ್ತಿಕೊಳ್ಳುತ್ತದೆ, ಬೇಸಿಗೆಯ ರಾತ್ರಿಯಲ್ಲಂತೂ ಆ ಬಕೆಟ್ಟು ಬ್ಯಾಕ್ಟೀರಿಯಾ ಸಾಕುವ ಹೊಂಡವಾಗುತ್ತದೆ. ಕಂಕುಳು, ಕಾಲರು, ಸೊಂಟದ ಪಟ್ಟಿಗೆ ಮೊದಲೇ ಸಾಬೂನು ತಿಕ್ಕಿ ಅರ್ಧ ತಾಸು ಬಿಟ್ಟರೆ ರಾತ್ರಿಯೆಲ್ಲ ನೆನೆಹಾಕಿದ್ದಕ್ಕಿಂತ ಹೆಚ್ಚು ಹಸನಾಗುತ್ತದೆ. ಬೆವರಿದ ಅಂಗಿಯನ್ನು ಮುದ್ದೆಮಾಡಿ ಒಗ್ಯಾಣದ ಬುಟ್ಟಿಗೆ ಎಸೆಯುವುದೂ ಇಂಥದ್ದೇ ತಪ್ಪು. ಹೊಲದಿಂದ ಬಂದವರ, ಮಗ್ಗದಿಂದ ಎದ್ದವರ ಅಂಗಿ ಬನೀನುಗಳನ್ನು ಮೊದಲು ಗೂಟಕ್ಕೆ ಹಾಕಿ ಗಾಳಿಗೆ ಒಣಗಲು ಬಿಡಬೇಕು. ಒಣಗಿದ ಮೇಲೆ ಬುಟ್ಟಿ. ಆ ಬುಟ್ಟಿಗೂ ಕಿಂಡಿಗಳಿರಬೇಕು. ಮುಚ್ಚಳ ಹಾಕಿದ ಪ್ಲಾಸ್ಟಿಕ್ ಡ್ರಮ್ಮು ಒಗ್ಯಾಣಕ್ಕೆ ಯೋಗ್ಯವಲ್ಲ.

ಒಗೆದಾದ ಮೇಲೆ ಹಿಂಡುವುದರಲ್ಲಿದೆ ಅರ್ಧ ಕೆಲಸ. ಹೆಚ್ಚು ಹಿಂಡಿದಷ್ಟೂ ಹಗ್ಗದ ಮೇಲಿನ ತಾಸು ಕಡಿಮೆ. ಹಿಂಡಿದ ಮುದ್ದೆಯನ್ನು ಹಾಗೇ ಬುಟ್ಟಿಯಲ್ಲಿಟ್ಟು, ರೊಟ್ಟಿ ಬಡಿದು ಮುಗಿಸಿ ಆಮೇಲೆ ಒಣಹಾಕಿದರಾಯಿತು ಎನ್ನಬೇಡಿ. ನಾತ ಹುಟ್ಟುವುದಕ್ಕೆ ಆ ನಡುವಿನ ಹೊತ್ತೇ ಸಾಕು. ಯಂತ್ರದಲ್ಲಿ ಒಗೆಯುವವರು ಯಂತ್ರ ನಿಂತ ಮೇಲೆ ಬಟ್ಟೆಯನ್ನು ಅದರೊಳಗೇ ಮರೆಯುವುದು ಇದಕ್ಕಿಂತ ಕೆಟ್ಟದ್ದು. ಝಾಡಿಸಿ, ಮಡಿಕೆ ಬಿಚ್ಚಿಕೊಳ್ಳುವಂತೆ ಹರಡಿ, ಎರಡು ಅರಿವೆಗಳ ನಡುವೆ ಒಂದು ಗೇಣು ಜಾಗ ಬಿಟ್ಟು ಹಾಕಬೇಕು. ಹಗ್ಗವನ್ನು ಗೋಡೆಗೆ ಹತ್ತಿ ಕಟ್ಟದೆ ಗಾಳಿ ಬೀಸುವ ಕಡೆಗೆ ಕಟ್ಟಬೇಕು. ಬಿಸಿಲಿಗಿಂತಲೂ ಗಾಳಿಯೇ ಹೆಚ್ಚು ಒಣಗಿಸುತ್ತದೆ. ಶ್ರಾವಣದ ಮೋಡದ ದಿನದಲ್ಲಿಯೂ ಗಾಳಿ ಆಡುವ ಪಡಸಾಲೆಯ ಬಟ್ಟೆ, ಮುಚ್ಚಿದ ಕೋಣೆಯ ಬಟ್ಟೆಗಿಂತ ಬೇಗ ಒಣಗುತ್ತದೆ. ಫ್ಯಾನು ಹಾಕಿದರೆ ಇನ್ನೂ ಬೇಗ.

ಒಣಗಿತೋ ಇಲ್ಲವೋ ಎಂದು ತಿಳಿಯಲು ನಮ್ಮ ಹಿರಿಯ ಹೆಣ್ಣುಮಕ್ಕಳು ಹೇಳಿಕೊಟ್ಟ ಪರೀಕ್ಷೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. "ಕೈಯಾಗ ಹಿಡದು ನೋಡಬ್ಯಾಡವಾ, ಗಲ್ಲಕ್ಕ ಹಚ್ಚಿ ನೋಡು. ತಂಪ ಹತ್ತಿದ್ರ ಇನ್ನೂ ಹಸಿ ಐತಿ ಅಂತ ತಿಳಕೋ" ಎನ್ನುತ್ತಿದ್ದರು. ಕೆಲಸ ಮಾಡಿ ಒರಟಾದ ಅಂಗೈಗಿಂತ ಗಲ್ಲದ ಚರ್ಮ ತಂಪನ್ನು ಬೇಗ ಹಿಡಿಯುತ್ತದೆ. ಕಾಲರು, ಕಿಸೆ, ಸೊಂಟದ ಪಟ್ಟಿ, ಕುಬಸದ ತೋಳಿನ ಮಡಿಕೆ, ಇವನ್ನು ಗಲ್ಲಕ್ಕೆ ಹಚ್ಚಬೇಕು. ಉಳಿದ ಅರಿವೆ ಒಣಗಿದ್ದರೂ ಇವು ಹಸಿಯಿರುತ್ತವೆ, ಮಡಿಚಿಟ್ಟ ಮೇಲೆ ಕಪಾಟಿನ ತುಂಬ ನಾತ ಹಬ್ಬಿಸುವುದೂ ಇವೇ.

ಈಗ ನೀರಿನ ಮಾತು. ನಮ್ಮ ಸೀಮೆಯಲ್ಲಿ ಮನೆಗೆ ಬರುವ ನೀರು ಒಂದೇ ಬಗೆಯದಲ್ಲ. ಮಲಪ್ರಭೆಯ ನೀರು ಬೇರೆ, ಬೋರಿನ ನೀರು ಬೇರೆ. ಕೊಳವೆ ಬಾವಿಯ ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಅದೇ ನೀರು ಒಗ್ಯಾಣವನ್ನೂ ಕೆಡಿಸುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಎಣ್ಣೆಯಿಂದ ಮಾಡಿದ ಸಾಬೂನು ಅವುಗಳ ಜೊತೆ ಸೇರಿ ನೀರಿನಲ್ಲಿ ಕರಗದ ಅಂಟು ಗಷ್ಟಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಬಣ್ಣದ ಪಟ್ಟಿ ಅದೇ. ಅದು ಬಟ್ಟೆಗೂ ಹತ್ತುತ್ತದೆ. ಬಿಳಿ ಧೋತರ ಮಾಸಲಾಗುವುದು, ಟವೆಲ್ಲು ಬಿರುಸಾಗುವುದು, ಎಷ್ಟು ಒಗೆದರೂ ಹಳೇ ಎಣ್ಣೆಯ ಕಮಟು ಉಳಿಯುವುದು ಈ ಗಷ್ಟಿನಿಂದ. ನಾತ ಹೋಗಲಿಲ್ಲವೆಂದು ಇನ್ನಷ್ಟು ಸಾಬೂನು ತಿಕ್ಕಿದರೆ ಗಷ್ಟು ಇನ್ನಷ್ಟು.

ಒಗೆಯುವ ಪುಡಿಗಳು ಹಳ್ಳಿಹಳ್ಳಿಗೆ ಬಂದಾಗ ಜನ ಅವನ್ನು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣ. ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ನಿರ್ಮಾ ಪುಡಿಯನ್ನು ಕಡಿಮೆ ಬೆಲೆಗೆ ಮಾರಲು ಶುರುಮಾಡಿದ ಮೇಲೆ ಬಡವರ ಮನೆಗೂ ಪುಡಿ ಬಂತು. ಇಂಥ ಪುಡಿ ಗಡಸು ನೀರಿನಲ್ಲಿ ಸಾಬೂನಿನಂತೆ ಗಷ್ಟು ಕಟ್ಟುವುದಿಲ್ಲ. ಆದರೆ ಪುಡಿಯ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಬಂತು, ನೊರೆ ಹೆಚ್ಚಾದರೆ ಬಟ್ಟೆ ಹಸನಾಗುತ್ತದೆ ಎಂಬುದು. ನೊರೆಗೂ ಹಸನಿಗೂ ಸಂಬಂಧ ಬಹಳ ಕಡಿಮೆ. ಬೇಕಾದದ್ದಕ್ಕಿಂತ ಹೆಚ್ಚು ಹಾಕಿದ ಪುಡಿ ನೂಲಿನಲ್ಲೇ ಉಳಿಯುತ್ತದೆ, ಧೂಳು ಹಿಡಿಯುತ್ತದೆ, ಬೆವರಿಗೆ ತೊಯ್ದಾಗ ಅಂಟಂಟಾಗುತ್ತದೆ, ಎಳೆಗೂಸುಗಳ ಮೈಗೆ ತುರಿಕೆ ತರುತ್ತದೆ. ಪುಡಿ ಕಡಿಮೆ ಹಾಕಿ, ಜಾಲಿಸುವ ನೀರು ಒಂದು ಬಕೆಟ್ಟು ಹೆಚ್ಚು ಮಾಡಿರಿ. ನೀರಿನ ತಾಪತ್ರಯ ಇರುವ ದಿನಗಳಲ್ಲಿ ಹೀಗೆ ಹೇಳುವುದು ಕಷ್ಟ ಎಂದು ಬಲ್ಲೆ. ಆದರೂ ಪುಡಿ ಕಡಿಮೆಯಾದರೆ ಜಾಲಿಸುವ ನೀರೂ ತಾನಾಗಿಯೇ ಕಡಿಮೆ ಸಾಕಾಗುತ್ತದೆ ಎಂಬುದನ್ನು ನೆನಪಿಡಿ.

ಗಡಸು ನೀರಿಗೆ ಅಗ್ಗದ ಮದ್ದು ಕಿರಾಣಿ ಅಂಗಡಿಯಲ್ಲಿದೆ, ಬಟ್ಟೆ ಸೋಡಾ. ಒಂದು ಬಕೆಟ್ಟು ನೀರಿಗೆ ಒಂದೆರಡು ಚಮಚ ಸೋಡಾ ಕರಗಿಸಿ, ಆಮೇಲೆ ಪುಡಿ ಹಾಕಿದರೆ ಗಡಸಿನ ಅಂಶ ಬೇರೆಯಾಗಿ ಪುಡಿ ಪೂರಾ ಕೆಲಸಕ್ಕೆ ಬರುತ್ತದೆ. ಹತ್ತಿಯ ಅರಿವೆಗೆ ಇದು ಒಳ್ಳೆಯದು. ರೇಷ್ಮೆಗೆ, ಉಣ್ಣೆಯ ಕಂಬಳಿಗೆ ಮುಟ್ಟಿಸಲೇಬಾರದು, ಸೋಡಾದ ಕ್ಷಾರ ಅವುಗಳ ಎಳೆಯನ್ನು ತಿನ್ನುತ್ತದೆ. ಮಳೆ ಬಂದಾಗ ಮಾಳಿಗೆಯಿಂದ ಇಳಿಯುವ ನೀರನ್ನು ಹಿಡಿದಿಟ್ಟು ಕೊನೆಯ ಸಲ ಜಾಲಿಸಲು ಬಳಸಿ ನೋಡಿರಿ. ಮಳೆನೀರು ಮೆತ್ತನೆಯದು, ಟವೆಲ್ಲಿನ ಬಿರುಸು ಒಂದೇ ಒಗೆತಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಕೈಯೇ ಹೇಳುತ್ತದೆ.

ಕ್ಷಾರದ ಮಾತು ಬಂದ ಮೇಲೆ ಮಡಿವಾಳರ ವಿದ್ಯೆಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಊರಿನ ಆಯಗಾರರಲ್ಲಿ ಮಡಿವಾಳರೂ ಒಬ್ಬರು. ವರ್ಷವಿಡೀ ಊರಿನ ಅರಿವೆ ಒಗೆದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರುತ್ತಿದ್ದರು. ಬಾಣಂತಿಯ ಬಟ್ಟೆ, ಸೂತಕದ ಬಟ್ಟೆ, ಮೈನೆರೆದ ಹುಡುಗಿಯ ಬಟ್ಟೆ ಎಲ್ಲ ಅವರ ಕೈಗೇ. ಊರು ಅವರಿಗೆ ಕೊಟ್ಟದ್ದು ಕಡಿಮೆ, ಅವರಿಂದ ಪಡೆದದ್ದು ಬಹಳ. ಅವರ ಉಬ್ಬೆಯನ್ನು ಈಗಿನ ತಿಳಿವಳಿಕೆಯಿಂದ ನೋಡಿದರೆ ಬೆರಗಾಗುತ್ತದೆ. ಹಳ್ಳದ ದಂಡೆಯಲ್ಲಿ, ಬಂಜರು ನೆಲದಲ್ಲಿ ಬಿಳುಪಾಗಿ ಉಬ್ಬಿ ಬರುವ ಸವಳು ಮಣ್ಣನ್ನು ಅವರು ಆರಿಸಿ ತರುತ್ತಿದ್ದರು. ಅದರಲ್ಲಿ ಇರುವುದು ಇದೇ ಸೋಡಾದ ಕ್ಷಾರ. ಆ ಮಣ್ಣು ಕದಡಿದ ನೀರಿನಲ್ಲಿ ಅರಿವೆಗಳನ್ನು ಅದ್ದಿ, ದೊಡ್ಡ ಹರವಿಯ ಬಾಯಿಯ ಮೇಲೆ ಸುರುಳಿಯಾಗಿ ಒಟ್ಟಿ, ಕೆಳಗೆ ಬೆಂಕಿ ಹಾಕಿ ತಾಸುಗಟ್ಟಲೆ ಹಬೆಯಲ್ಲಿ ಬೇಯಿಸುತ್ತಿದ್ದರು. ನಮ್ಮ ಕಡೆ ಇದಕ್ಕೆ ಭಟ್ಟಿ ಎಂದೂ ಅನ್ನುತ್ತಾರೆ.

ಇದರಲ್ಲಿ ಏನೇನು ಆಗುತ್ತಿತ್ತು ನೋಡಿರಿ. ಕ್ಷಾರ ಮತ್ತು ಬಿಸಿ ಸೇರಿದಾಗ ಬಟ್ಟೆಯಲ್ಲಿದ್ದ ಮೈಜಿಡ್ಡು ತಾನೇ ಸಾಬೂನಾಗಿ ಮಾರ್ಪಡುತ್ತದೆ. ಕೊಳೆಯನ್ನೇ ಕೊಳೆ ತೆಗೆಯುವ ವಸ್ತುವಾಗಿ ಮಾಡಿಕೊಳ್ಳುವ ಉಪಾಯ ಅದು. ಹಬೆಯ ಕಾವಿಗೆ ಬ್ಯಾಕ್ಟೀರಿಯಾ, ಹೇನು, ತಿಗಣೆಯ ಮೊಟ್ಟೆ ಯಾವುದೂ ಉಳಿಯುತ್ತಿರಲಿಲ್ಲ. ಆಮೇಲೆ ಹರಿಯುವ ನೀರಿನಲ್ಲಿ ಬಂಡೆಗೆ ಬಡಿದು ಜಾಲಿಸಿ, ದಂಡೆಯ ಮೇಲೆ ಹರವಿ ಬಿಸಿಲಿಗೆ ಒಣಗಿಸುವುದು. ಮೊರಾಕ್ಸೆಲ್ಲಾ ಎಂಬ ಹೆಸರನ್ನು ಯಾರೂ ಕೇಳದ ಕಾಲದಲ್ಲಿ ಅದನ್ನು ಬೇರುಸಹಿತ ಕಿತ್ತುಹಾಕುವ ಪದ್ಧತಿ ಅವರ ಕೈಯಲ್ಲಿತ್ತು. ನೂರಾರು ಮನೆಗಳ ಬಟ್ಟೆ ಒಂದೇ ಉಬ್ಬೆಯಲ್ಲಿ ಬೆಂದರೂ ಅದಲುಬದಲಾಗದಂತೆ ಕರಿಗೇರಿನ ರಸದಿಂದ ಹಾಕಿದ ಗುರುತು ಎಷ್ಟು ಒಗೆತಕ್ಕೂ ಅಳಿಯುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಕಲ್ಯಾಣದ ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಹಿಡಿದರು. ಕಲ್ಯಾಣ ಚದುರಿದ ಮೇಲೆ ಉಳವಿಯ ಕಡೆಗೆ ಹೊರಟ ಶರಣರಿಗೆ ಅವರು ಬೆಂಗಾವಲಾಗಿ ನಿಂತರು, ಆ ದಾರಿ ನಮ್ಮ ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿಯೇ ಹಾದುಹೋಯಿತು ಎಂಬ ನಂಬಿಕೆ ಈ ಕಡೆಯ ಜನರಲ್ಲಿ ಇಂದಿಗೂ ಗಟ್ಟಿಯಾಗಿದೆ. ಪ್ರತಿ ವರ್ಷ ಫೆಬ್ರುವರಿ 1ರಂದು ಅವರ ಜಯಂತಿ ನಡೆಯುತ್ತದೆ. ಅವರ ಭಾವಚಿತ್ರಕ್ಕೆ ಹೂವು ಹಾಕುವ ನಾವು ಆ ಕಾಯಕ ಮಾಡಿದ ಜನರ ವಿದ್ಯೆಯನ್ನೂ ಬರೆದಿಡಬೇಕು. ಉಬ್ಬೆ ಹಾಕಿ ಗೊತ್ತಿದ್ದ ಹಿರಿಯರು ಊರೂರಿನಲ್ಲಿ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ, ಮಕ್ಕಳನ್ನು ಕರೆದುಕೊಂಡು ಹೋಗಿ ಕೂತು ಕೇಳಿಸಿರಿ.

ಮನೆಯಲ್ಲಿ ಉಬ್ಬೆ ಹಾಕಲಾಗದು, ಅದರ ತತ್ತ್ವವನ್ನಂತೂ ಬಳಸಬಹುದು. ನಾತ ಬಿಡದ ಟವೆಲ್ಲು, ಬನೀನು, ದಿಂಬಿನ ಗವಸು, ಕೈ ಒರೆಸುವ ಅರಿವೆಗಳನ್ನು, ಎಲ್ಲ ಹತ್ತಿಯವು, ತಿಂಗಳಿಗೊಮ್ಮೆ ಸೋಡಾ ಹಾಕಿದ ಕುದಿನೀರಿನಲ್ಲಿ ಕಾಲು ತಾಸು ಮುಳುಗಿಸಿ ಬಿಡಿ, ಆಮೇಲೆ ಎಂದಿನಂತೆ ಒಗೆಯಿರಿ. ಯಂತ್ರವಿದ್ದವರು 60 ಡಿಗ್ರಿಯ ನೀರಿಗೆ ಇಡಿ. ಬಣ್ಣ ಬಿಡುವ ಅರಿವೆ ಇದಕ್ಕೆ ಬೇಡ. ಮಳೆಗಾಲದಲ್ಲಿ ಇನ್ನೂ ಒಂದಿಷ್ಟು ಹಸಿಯಿರುವ ಅಂಗಿಗೆ ಬಿಸಿ ಇಸ್ತ್ರಿ ಹಾಕಿ ಒಣಗಿಸುವುದೂ ಇದೇ ತತ್ತ್ವ.

ಒಂದು ಎಚ್ಚರಿಕೆ. ಬಿಳಿ ಹತ್ತಿ ಬಟ್ಟೆಗೆ ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಬಕೆಟ್ಟಿಗೆ ನಿಂಬೆರಸ, ವಿನೆಗರ್, ಪಾಯಖಾನೆ ತೊಳೆಯುವ ಆಸಿಡ್ಡು ಯಾವುದನ್ನೂ ಬೆರೆಸಕೂಡದು. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಸುರೇಬಾನದ ನೇಕಾರ ಬಂಧುಗಳಿಗೆ ಈಗ ಒಂದು ಸಂತೋಷದ ಸುದ್ದಿ ಹೇಳುತ್ತೇನೆ. ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 26 ಜನಕ್ಕೆ ಅಂಗಿ ತೊಡಿಸಿ, ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಬೆವರು ಸುರಿಯುವಂತೆ ತುಳಿಸಿದರು. ಆ ಅಂಗಿಗಳನ್ನು ಒಂದು ದಿನಕ್ಕೂ ಹೆಚ್ಚು ಹೊತ್ತು ಚೀಲದಲ್ಲಿಟ್ಟು, ವಾಸನೆ ಗುರುತಿಸುವ ಪರಿಣತರಿಂದ ಮೂಸಿಸಿದರು. ಪಾಲಿಯೆಸ್ಟರ್ ಅಂಗಿಗಳು ಹತ್ತಿಯ ಅಂಗಿಗಳಿಗಿಂತ ಹೆಚ್ಚು ನಾರಿದವು. ನಾತ ಹುಟ್ಟಿಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆ ಚೆನ್ನಾಗಿ ಬೆಳೆಯುತ್ತದೆ ಎಂದು ಅವರು ಕಂಡರು. ಹತ್ತಿ ನೀರನ್ನು ಹೀರುತ್ತದೆ, ಬೆವರನ್ನು ಒಳಗೆ ಎಳೆದುಕೊಂಡು ಒಗೆತದಲ್ಲಿ ಬಿಟ್ಟುಕೊಡುತ್ತದೆ. ಪಾಲಿಯೆಸ್ಟರು ನೀರನ್ನು ದೂರ ತಳ್ಳಿ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ನಾತದ ವಸ್ತುಗಳು ಬಹುಪಾಲು ಜಿಡ್ಡಿನ ಸ್ವಭಾವದವು, ಅಲ್ಲಿಯೇ ಬೇರೂರುತ್ತವೆ.

ಪಾಲಿಯೆಸ್ಟರು ಬೇಗ ಒಣಗುತ್ತದೆ, ಇಸ್ತ್ರಿ ಬೇಡುವುದಿಲ್ಲ, ಅಗ್ಗ. ಬಡ ಮನೆಯ ತಾಯಿ ಮಕ್ಕಳ ಶಾಲೆಯ ಅಂಗಿಗೆ ಅದನ್ನು ಆರಿಸಿದರೆ ನಾನು ತಪ್ಪೆನ್ನಲಾರೆ. ಆದರೆ ಮೈಗೆ ಅಂಟಿ ಕೂರುವ ಬನೀನು, ಕುಬಸ, ಒಳಲಂಗ, ಟವೆಲ್ಲು, ಹಾಸಿಗೆಯ ಮೇಲಿನ ಚಾದರ ಇವಾದರೂ ಹತ್ತಿಯವಾಗಿರಲಿ. ನಮ್ಮ ಬಿಸಿಲ ಸೀಮೆಗೆ ಹತ್ತಿಯಷ್ಟು ಒಪ್ಪುವ ಅರಿವೆ ಬೇರೆ ಇಲ್ಲ. ಈ ಕರಿಮಣ್ಣಿನ ಎರೆ ಹೊಲಗಳಲ್ಲಿ ಹತ್ತಿ ಬೆಳೆದದ್ದು, ಮಲಪ್ರಭೆಯ ಆಚೀಚೆ ನೇಕಾರರು ನೆಲೆ ನಿಂತದ್ದು, ಜನ ಹತ್ತಿಯನ್ನೇ ಉಟ್ಟದ್ದು ಒಂದಕ್ಕೊಂದು ಕೂಡಿ ಬಂದ ಸಂಗತಿಗಳು. ಹತ್ತಿಯ ಅರಿವೆ ಕೊಳ್ಳುವಾಗ ಅದು ಮೈಗೂ ಹಿತ, ಪಕ್ಕದ ಓಣಿಯ ಮಗ್ಗಕ್ಕೂ ಹಿತ ಎಂಬುದನ್ನು ನೆನೆಯಿರಿ.

ಹತ್ತಿಯ ಒಡಲು, ರೇಷ್ಮೆಯ ಅಥವಾ ಚಮಕದ ದಡಿ ಸೆರಗು ಇರುವ ಇಳಕಲ್ ಮಾದರಿಯ ಸೀರೆಗಳನ್ನು ಒಗೆಯುವುದಕ್ಕೆ ಬೇರೆ ಜಾಣತನ ಬೇಕು. ಅಂಟವಾಳದ ಸಿಪ್ಪೆಯನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಬರುವ ನೊರೆ ನೀರು ಇದಕ್ಕೆ ತಕ್ಕದ್ದು. ಅದರಲ್ಲಿ ಸೋಡಾದಂಥ ಕ್ಷಾರವಿಲ್ಲ, ಸಪೋನಿನ್ ಎಂಬ ನೊರೆಯ ಅಂಶವಿದೆ. ತಣ್ಣೀರಿನಲ್ಲಿ ಬೇಗ ಒಗೆದು, ತಿರುಚಿ ಹಿಂಡದೆ ಒತ್ತಿ ನೀರು ಬಸಿದು, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಗಾಳಿಗೆ ಹಾಕಬೇಕು. ಒಮ್ಮೆ ಉಟ್ಟ ಸೀರೆಯನ್ನು ಪ್ರತಿ ಸಲ ಒಗೆಯಲೇಬೇಕೆಂದಿಲ್ಲ. ಜಾತ್ರೆಗೋ ಮದುವೆಗೋ ಉಟ್ಟು ಬಂದ ಸೀರೆಯನ್ನು ಆ ರಾತ್ರಿಯೇ ಮಡಿಚದೆ ನೆರಳಿನ ಗಾಳಿಗೆ ಒಂದು ದಿನ ಬಿಟ್ಟರೆ ಸಾಕಾಗುತ್ತದೆ.

ಬಿಸಿಲಿನಲ್ಲಿ ಒಣಗಿದ ಅರಿವೆಗೆ ಒಂದು ವಾಸನೆ ಇದೆಯಲ್ಲ, ಮುಖಕ್ಕೆ ಒತ್ತಿಕೊಂಡು ಉಸಿರೆಳೆಯಬೇಕು ಅನ್ನಿಸುವಂಥದ್ದು, ಅದು ನಮ್ಮ ಕಲ್ಪನೆಯಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನು ಅಳೆದು ನೋಡಿತು. ಹತ್ತಿಯ ಟವೆಲ್ಲುಗಳನ್ನು ಶುದ್ಧ ನೀರಿನಲ್ಲಿ ತೊಳೆದು ಕೆಲವನ್ನು ಮನೆಯೊಳಗೆ, ಕೆಲವನ್ನು ಹೊರಗೆ ನೆರಳಿನಲ್ಲಿ, ಕೆಲವನ್ನು ಬಿಸಿಲಿನಲ್ಲಿ ಒಣಗಿಸಿದರು. ಬಿಸಿಲಿನಲ್ಲಿ ಒಣಗಿದವುಗಳಿಂದ ಮಾತ್ರ ಆಲ್ಡಿಹೈಡ್, ಕೀಟೋನ್ ಎಂಬ ಗುಂಪಿನ ಕೆಲವು ವಸ್ತುಗಳು ಹೊಮ್ಮಿದವು. ಇವುಗಳಲ್ಲಿ ಹಲವು ಹೂವು, ಹಣ್ಣು, ಗಿಡಗಳ ಪರಿಮಳಗಳಲ್ಲಿಯೂ ಇರುವಂಥವು. ಹಸಿ ಹತ್ತಿಯ ಮೇಲೆ ಬಿಸಿಲು ಮತ್ತು ಗಾಳಿ ಸೇರಿ ಈ ಪರಿಮಳವನ್ನು ಅಲ್ಲಿಯೇ ತಯಾರಿಸುತ್ತವೆ. ವರ್ಷದ ಬಹುಪಾಲು ಬಿಸಿಲು ಸುರಿಯುವ ರಾಮದುರ್ಗ, ಸವದತ್ತಿ ಕಡೆಯವರಿಗೆ ಇದು ಕಾಸು ಖರ್ಚಿಲ್ಲದೆ ದೊರೆಯುತ್ತದೆ. ಅರಿಶಿಣದ ಕಲೆಯನ್ನೂ ಬಿಸಿಲೇ ಮಾಸಿಸುತ್ತದೆ. ಗಾಢ ಬಣ್ಣದವನ್ನು ಮಾತ್ರ ತಿರುವಿ ಹಾಕಿರಿ, ಒಣಗಿದ ಕೂಡಲೇ ತೆಗೆಯಿರಿ.

ಕೌದಿಗಳ ವಿಷಯಕ್ಕೆ ಬರುತ್ತೇನೆ. ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಹೊಲಿದ ಕೌದಿ ಒಣಗಲು ಬಹಳ ತಾಸು ಬೇಕು. ಮೇಲಿನ ಪದರು ಒಣಗಿದರೂ ಒಳಗೆ ಹಸಿ ಇರುತ್ತದೆ. ಮಹಾನವಮಿಯ ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಬಂಡಿಯಲ್ಲಿ, ಈಗ ಟಂಟಂಗಳಲ್ಲಿ, ಹೇರಿಕೊಂಡು ಹೊಳೆಗೆ, ಹಳ್ಳಕ್ಕೆ, ಕಾಲುವೆಗೆ ಹೋಗಿ ಒಗೆಯುವ ಪದ್ಧತಿ ನಮ್ಮಲ್ಲಿ ಹೇಗೆ ಬಂತು ಎಂದು ಯೋಚಿಸಿದ್ದೀರಾ? ಮುಂಗಾರು ಮುಗಿದು ಹೊಳೆಯಲ್ಲಿ ನೀರು ತುಂಬಿರುತ್ತದೆ, ಬಿಸಿಲು ಮತ್ತೆ ಕಾಯಲು ಶುರುವಾಗಿರುತ್ತದೆ, ಮುಂದೆ ಚಳಿಗೆ ಹೊದಿಕೆ ಬೇಕು. ಮಳೆಗಾಲವಿಡೀ ಮುಗ್ಗಲು ಹಿಡಿದ ಕೌದಿಗೆ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಬಂಡೆಗಲ್ಲಿನ ಮೇಲೆ ಹರವಿದ ಕೌದಿಯನ್ನು ನಡುಮಧ್ಯಾಹ್ನ ಒಮ್ಮೆ ಮಗುಚಿ ಹಾಕುವುದನ್ನು ಮರೆಯಬೇಡಿ. ಮನೆಗೆ ತಂದ ಮೇಲೆ ಮರುದಿನವೂ ಮಾಳಿಗೆಯ ಬಿಸಿಲಿಗೆ ಹಾಕಿ, ಆಮೇಲೆಯೇ ಒಟ್ಟಿಡಿ.

ಆದರೆ ಹೊಳೆ ಯಾವಾಗಲೂ ನಾವು ಹೇಳಿದಂತೆ ಕೇಳುವುದಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆ ತುಂಬಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಎಷ್ಟೋ ಮನೆಗಳಿಗೆ ನೀರು ಹೊಕ್ಕಿತು, ನೇಕಾರರ ಮಗ್ಗಗಳು, ನೂಲು, ನೇಯ್ದ ಸೀರೆಗಳು ನೀರುಪಾಲಾದವು. ರಾಡಿಯಲ್ಲಿ ದಿನಗಟ್ಟಲೆ ಬಿದ್ದ ಅರಿವೆಗೆ ಹತ್ತುವ ನಾತ ಬೇರೆಯೇ ಬಗೆಯದು. ಮಣ್ಣಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲಿ ಅದರ ಪಾಲು ದೊಡ್ಡದು. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಹೊಲದಲ್ಲಿ ಹಿತವೆನಿಸುವ ಅದೇ ವಾಸನೆ ಹಾಸಿಗೆಯಲ್ಲಿ ತಾಳಲಾಗದು. ನೆರೆಗೆ ಸಿಕ್ಕ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಬಾರದು. ಮೊದಲು ರಾಡಿಯನ್ನು ಒಣಗಿಸಿ ಝಾಡಿಸಬೇಕು, ತಣ್ಣೀರಿನಲ್ಲಿ ಮಣ್ಣು ಬಿಡುವುದು ನಿಲ್ಲುವವರೆಗೆ ತೊಳೆಯಬೇಕು, ಆಮೇಲೆ ಸೋಡಾ ಮತ್ತು ಬಿಸಿನೀರು, ಕೊನೆಗೆ ಎರಡು ಮೂರು ದಿನದ ಬಿಸಿಲು. ಒಂದೇ ಒಗೆತಕ್ಕೆ ಹೋಗಲಿಲ್ಲವೆಂದು ಎಸೆಯಬೇಡಿ, ಎರಡು ಮೂರು ಒಗೆತಕ್ಕೆ ಬಹಳಷ್ಟು ಅರಿವೆ ಉಳಿಯುತ್ತದೆ. ಒಳಗೆ ಹತ್ತಿ ತುಂಬಿದ ಗಾದಿ ಮಾತ್ರ ಹೊಲಸು ನೀರು ಕುಡಿದಿದ್ದರೆ ಉಳಿಸಿಕೊಳ್ಳುವ ಆಸೆ ಬೇಡ.

ಕೂಸಿನ ಅರಿವೆ, ಕುಂಚಿಗೆ, ದುಪಟಿಗಳನ್ನು ಉಚ್ಚೆ ತಾಗಿದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿದರೆ ಸಾಕು. ಹಾಗೇ ಬಿಟ್ಟರೆ ಉಚ್ಚೆಯ ಯೂರಿಯಾ ಅಮೋನಿಯಾ ಆಗಿ ಕಣ್ಣು ಉರಿಸುವ ನಾತ ಏಳುತ್ತದೆ, ಕೂಸಿನ ಚರ್ಮವೂ ಕೆಂಪಾಗುತ್ತದೆ. ಲೋಬಾನದ ಹೊಗೆಗೆ ಹಿಡಿದ ಕೂಸಿನ ಅರಿವೆಯ ವಾಸನೆ ನಮ್ಮ ಕಡೆಯವರಿಗೆಲ್ಲ ಪ್ರೀತಿಯದು. ಅರಿವೆಗೆ ಹೊಗೆ ಹಿಡಿಯಿರಿ, ಕೂಸನ್ನು ಹೊಗೆಯಿಂದ ದೂರ ಇಡಿರಿ. ಎಳೆಯ ಪುಪ್ಪುಸಕ್ಕೆ ಹೊಗೆ ಒಳ್ಳೆಯದಲ್ಲ. ಯಂತ್ರವಿದ್ದವರು ಒಗೆತ ಮುಗಿದ ಮೇಲೆ ಮುಚ್ಚಳ ತೆರೆದಿಡಿ, ಬಾಗಿಲ ರಬ್ಬರು ಪಟ್ಟಿಯ ಒಳಗಿನ ಮಡಿಕೆಯನ್ನು ಒರೆಸಿರಿ. ಅಲ್ಲಿ ಕೂತ ಕಪ್ಪು ಬೂಸ್ಟು ಪ್ರತಿ ಒಗೆತದಲ್ಲೂ ಬಟ್ಟೆಗೆ ನಾತ ಹಂಚುತ್ತದೆ. ಮೆತ್ತಗೆ ಮಾಡುವ ದ್ರವವನ್ನು ಟವೆಲ್ಲಿಗೆ ಹಾಕಬೇಡಿ, ಅದು ಎಳೆಗಳ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ, ಟವೆಲ್ಲು ನೀರು ಹೀರುವುದನ್ನೇ ಬಿಡುತ್ತದೆ.

ಕೊನೆಗೆ ಟ್ರಂಕು, ಕಪಾಟು. ಗಂಜಿ ಹಾಕಿದ ಅರಿವೆಯನ್ನು ಬಹಳ ದಿನ ಇಡುವಂತಿಲ್ಲ. ಗಂಜಿ ಹಿಟ್ಟಿನ ಪದಾರ್ಥ. ತೇವ ಸಿಕ್ಕರೆ ಬೂಸ್ಟು ಬೆಳೆಯುತ್ತದೆ, ಬೆಳ್ಳಿಹುಳು ಬಂದು ಗಂಜಿಯ ಜೊತೆ ನೂಲನ್ನೂ ತಿನ್ನುತ್ತದೆ. ನೇಕಾರರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಏಕೆಂದರೆ ಹೊಸ ಅರಿವೆಯ ಹಾಸಿನ ನೂಲಿಗೂ ಗಂಜಿ ಇರುತ್ತದೆ. ಎತ್ತಿಡುವ ಸೀರೆಯ ಗಂಜಿ ತೊಳೆದು ಇಡಿ, ಉಡುವ ಹಿಂದಿನ ದಿನ ಹಾಕಿಕೊಳ್ಳಿ. ಬೇವಿನ ತಪ್ಪಲು ಇಡುವವರು ಅದನ್ನು ನೆರಳಿನಲ್ಲಿ ಕಡಕ್ಕಾಗಿ ಒಣಗಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಇಡಬೇಕು. ಹಸಿ ತಪ್ಪಲು ಇಟ್ಟರೆ ತೇವವನ್ನೇ ಒಳಗೆ ಕೂಡಿಟ್ಟಂತೆ. ಲಾವಂಚದ ಬೇರಿನ ಪರಿಮಳ ವರ್ಷಗಟ್ಟಲೆ ನಿಲ್ಲುತ್ತದೆ. ಮೈಸೂರು ಸ್ಯಾಂಡಲ್ ಸಾಬೂನಿನ ಖಾಲಿ ಡಬ್ಬಿಯನ್ನು ಸೀರೆಗಳ ನಡುವೆ ಇಡುವ ರೂಢಿಯೂ ಚೆಂದದ್ದೇ.

ಡಾಂಬರು ಗುಳಿಗೆಯ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಅದು ನಾಫ್ತಲೀನ್. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಿದ್ದಾರೆ, ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಎಳೆಗೂಸಿಗೆ ಆ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ ತೊಡಿಸಿದರೆ, ಅದರ ಆವಿಯಿಂದಲೇ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಬರಬಹುದು, ಪ್ರಾಣಾಪಾಯವೂ ಆಗಬಹುದು. ತೊಟ್ಟಿಲು ಶಾಸ್ತ್ರಕ್ಕೆಂದು ಅಜ್ಜಿ ಟ್ರಂಕಿನಿಂದ ತೆಗೆದ ಹಳೆಯ ಕುಂಚಿಗೆ, ಕೌದಿಗಳನ್ನು ಒಗೆದು ಬಿಸಿಲಿಗೆ ಹಾಕಿ ವಾಸನೆ ಪೂರಾ ಹೋದ ಮೇಲೆಯೇ ಕೂಸಿಗೆ ಬಳಸಿರಿ. ಕೂಸಿರುವ ಮನೆಯ ಕಪಾಟಿನಿಂದ ಆ ಗುಳಿಗೆಗಳನ್ನು ಇವತ್ತೇ ತೆಗೆದುಹಾಕಿರಿ, ಅವುಗಳ ಜಾಗದಲ್ಲಿ ಒಣ ಬೇವು ಇಡಿರಿ, ಅಮಾವಾಸ್ಯೆಗೊಮ್ಮೆ ಟ್ರಂಕಿನ ಅರಿವೆಗಳನ್ನೆಲ್ಲ ಹೊರಗೆ ತೆಗೆದು ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಮತ್ತೆ ಇಡಿರಿ.